ಕರೆಂಟು ಹೋದ ಮನೆಯೊಳಗಿನ ಚಳಿ

ಕಡುಚಳಿಗೆ ಮನೆಯೊಂದು ಸೋಲುವುದು ಹೆಚ್ಚಾಗಿ ಕರೆಂಟು ಹೋದ ಮೇಲೆ. ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ 2021ರ ಫೆಬ್ರುವರಿಯಲ್ಲಿ ಆದದ್ದೂ ಇದೇ. ಆ ತಿಂಗಳ 15ರ ಬೆಳಗಿನ ಜಾವ ಎರಡು ಗಂಟೆಯ ಸುಮಾರಿಗೆ ಅಲ್ಲಿನ ವಿದ್ಯುತ್ ಜಾಲದ ಆವರ್ತನ 60 ಹರ್ಟ್ಸ್‌ನಿಂದ 59.3ಕ್ಕೆ ಇಳಿಯಿತು. ಅದೇ ಮಟ್ಟದಲ್ಲಿ ಇನ್ನು ಐದು ನಿಮಿಷ ನಿಂತಿದ್ದರೆ ಇಡೀ ಜಾಲವೇ ಕುಸಿದು ಬೀಳುವ ಅಪಾಯವಿತ್ತು. ಅದನ್ನು ಉಳಿಸಲು ನಿರ್ವಾಹಕರು ಬಡಾವಣೆ ಬಡಾವಣೆಯನ್ನೇ ಕತ್ತಲೆಗೆ ತಳ್ಳಿದರು. ಕರ್ನಾಟಕದಲ್ಲಿ ಹಳ್ಳಿಯ ಮಕ್ಕಳಿಗೂ ಗೊತ್ತಿರುವ ಲೋಡ್ ಶೆಡ್ಡಿಂಗ್, ಅದರ ಅಭ್ಯಾಸವಿಲ್ಲದ ಊರುಗಳಿಗೆ ಮೈನಸ್ ಡಿಗ್ರಿಯ ರಾತ್ರಿಯಲ್ಲಿ ಬಂದಿತು. 45 ಲಕ್ಷ ಮನೆ, ಅಂಗಡಿಗಳ ದೀಪ ಆರಿತು. ಡಲ್ಲಾಸ್‌ನಲ್ಲಿ ಉಷ್ಣತೆ ಮೈನಸ್ 19 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತು. ಸರ್ಕಾರಿ ಲೆಕ್ಕದಲ್ಲಿ ಸತ್ತವರು 246 ಮಂದಿ. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರನ್ನು ಕೊಂದದ್ದು ಮೈ ತಣ್ಣಗಾದದ್ದು.

ಕರೆಂಟು ಹೋದರೆ ಬಿಸಿಗಾಳಿಯೂ ಹೋಗುತ್ತದೆ. ಟೆಕ್ಸಸ್‌ನ ಅರ್ಧಕ್ಕಿಂತ ಹೆಚ್ಚು ಮನೆಗಳನ್ನು ಕಾಯಿಸುವುದೇ ವಿದ್ಯುತ್ತು. ಗ್ಯಾಸ್ ಫರ್ನೇಸ್ ಇರುವ ಮನೆಯೂ ಇದರಿಂದ ಪಾರಲ್ಲ, ಏಕೆಂದರೆ ಬಿಸಿಗಾಳಿಯನ್ನು ಕೋಣೆಗಳಿಗೆ ತಳ್ಳುವ ಫ್ಯಾನ್ ತಿರುಗಬೇಕಾದರೂ ಕರೆಂಟು ಬೇಕು. ಗ್ಯಾಸ್ ಇದೆಯೆಂದು ನಿಶ್ಚಿಂತೆಯಿಂದಿದ್ದವರಿಗೆ ಇದು ತಿಳಿಯುವುದು ಕತ್ತಲಾದ ಮೇಲೆ.

ಇಂಥ ಹೊತ್ತಿನಲ್ಲಿ ಇಡೀ ಮನೆಯನ್ನು ಬೆಚ್ಚಗಿಡುವ ಆಸೆ ಬಿಟ್ಟು, ಒಂದೇ ಒಂದು ಸಣ್ಣ ಕೋಣೆಯನ್ನು ಆರಿಸಿಕೊಳ್ಳಬೇಕು. ಕಿಟಕಿ ಕಡಿಮೆ ಇರುವ ಒಳಕೋಣೆಯಾದರೆ ಒಳ್ಳೆಯದು. ಸುಮ್ಮನೆ ಕುಳಿತ ಮನುಷ್ಯನ ದೇಹ ಸುಮಾರು 100 ವಾಟ್‌ನಷ್ಟು ಶಾಖ ಹೊರಸೂಸುತ್ತದೆ. ನಾಲ್ವರು ಒಟ್ಟಿಗೆ ಕುಳಿತರೆ ಅದೇ 400 ವಾಟ್‌ನ ಪುಟ್ಟ ಹೀಟರ್. ಈ ಶಾಖ ಹೊರಹೋಗದಂತೆ ಕಿಟಕಿಗೆ ರಜಾಯಿ ಕಟ್ಟಿ, ಬಾಗಿಲ ಕೆಳಗಿನ ಸಂದಿಗೆ ಟವೆಲ್ ತುರುಕಿದರೆ ಅರ್ಧ ಕೆಲಸ ಮುಗಿಯಿತು. ಹೊದಿಕೆಯಷ್ಟೇ ಹಾಸಿಗೆಯೂ ಮುಖ್ಯ. ತಣ್ಣಗಿನ ನೆಲ ಮೈಯ ಬಿಸಿಯನ್ನು ನೇರವಾಗಿ ಹೀರುತ್ತದೆ, ಆದ್ದರಿಂದ ಇರುವ ಕಂಬಳಿಗಳಲ್ಲಿ ಒಂದೆರಡು ಮೈ ಕೆಳಗೇ ಇರಲಿ. ಒಂದು ದಪ್ಪ ಕೋಟಿಗಿಂತ ಮೂರು ತೆಳು ಬಟ್ಟೆ ಮೇಲು. ಬೆಚ್ಚಗಿಡುವುದು ಬಟ್ಟೆಯ ನೂಲಿಗಿಂತ ಹೆಚ್ಚಾಗಿ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ದೇಹದ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅಪಾಯ ಶುರುವಾಯಿತೆಂದೇ ಅರ್ಥ. ನಡುಗುತ್ತಿದ್ದ ಮುದುಕರೊಬ್ಬರು ನಡುಗುವುದನ್ನು ನಿಲ್ಲಿಸಿ ತೊದಲತೊಡಗಿದರೆ, ಚಳಿ ಕಡಿಮೆಯಾಯಿತೆಂದು ಸಮಾಧಾನಪಡುವಂತಿಲ್ಲ. ದೇಹ ಸೋಲುತ್ತಿರುವ ಲಕ್ಷಣ ಅದು, ಕೂಡಲೇ ವೈದ್ಯಕೀಯ ನೆರವು ಬೇಕು.

ಚಳಿ ತಾಳಲಾರದೆ ಜನ ಬೆಂಕಿಯ ಮೊರೆ ಹೋಗುತ್ತಾರೆ. ಹೊರಗೆ ಬಳಸುವ ಇದ್ದಿಲಿನ ಒಲೆಯನ್ನು ಒಳಗೆ ತರುತ್ತಾರೆ, ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ ಅದರೊಳಗೆ ಕೂರುತ್ತಾರೆ, ಜನರೇಟರನ್ನು ಬಾಗಿಲ ಬಳಿಯೇ ಇಡುತ್ತಾರೆ. ಟೆಕ್ಸಸ್‌ನಲ್ಲಿ ಆ ವಾರ ಕಾರ್ಬನ್ ಮಾನಾಕ್ಸೈಡ್‌ಗೆ 19 ಜನ ಬಲಿಯಾದರು. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಮಲಗಿದವರು ಬೆಳಿಗ್ಗೆ ಏಳದ ಸುದ್ದಿ ಭಾರತದ ಪತ್ರಿಕೆಗಳಲ್ಲೂ ಚಳಿಗಾಲ ಬಂದಾಗಲೆಲ್ಲ ಬರುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹಾಗಾಗಿ ಗಾಳಿಯಲ್ಲಿ ಅದು ಸ್ವಲ್ಪವೇ ಇದ್ದರೂ ರಕ್ತದಲ್ಲಿ ಆಮ್ಲಜನಕಕ್ಕೆ ಜಾಗ ಉಳಿಯುವುದಿಲ್ಲ. ತಲೆನೋವು, ವಾಕರಿಕೆ, ತಲೆಸುತ್ತು ಇದರ ಮೊದಲ ಸೂಚನೆಗಳು. ಚಳಿಗೆ ಬಂದ ನೆಗಡಿಯಿರಬೇಕೆಂದು ಮಲಗಿಬಿಟ್ಟವರು ನಿದ್ದೆಯಲ್ಲೇ ಪ್ರಜ್ಞೆ ತಪ್ಪುತ್ತಾರೆ. ಗೋಡೆಯನ್ನೂ ನಂಬುವಂತಿಲ್ಲ. ಅಮೆರಿಕದ ಮನೆಗಳ ಒಳಗೋಡೆಗೆ ಬಳಸುವ ಜಿಪ್ಸಂ ಹಲಗೆಯ ಸೂಕ್ಷ್ಮ ರಂಧ್ರಗಳ ಮೂಲಕವೂ ಈ ಅನಿಲ ನುಸುಳಬಲ್ಲದು. ಗ್ಯಾರೇಜಿನ ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಕಾರಿನ ಹೊಗೆ ಸುರಕ್ಷಿತವಾಗುವುದಿಲ್ಲ. ಜನರೇಟರ್ ಮನೆಯಿಂದ ಕನಿಷ್ಠ 6 ಮೀಟರ್ ದೂರದಲ್ಲಿರಬೇಕು. ಚಳಿಗಾಲಕ್ಕೆಂದು ಕೊಳ್ಳುವ ವಸ್ತುಗಳಲ್ಲಿ ಎಲ್ಲಕ್ಕಿಂತ ಮೊದಲು ಬರಬೇಕಾದದ್ದು ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ. ಹೀಟರ್ ಅದರ ನಂತರ.

ನೀರಿನ ಪೈಪಿನ ಕಥೆ ಇನ್ನೂ ಸ್ವಾರಸ್ಯದ್ದು. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಆ ಮಂಜುಗಡ್ಡೆಯೇ ಪೈಪನ್ನು ಸೀಳುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಅದು ಅರ್ಧ ನಿಜ. ಪೈಪಿನ ನಡುವೆ ಮಂಜುಗಡ್ಡೆಯ ಬಿರಡೆ ಬೆಳೆಯುತ್ತಾ ಹೋದಂತೆ, ಆ ಬಿರಡೆಗೂ ಮುಚ್ಚಿದ ನಲ್ಲಿಗೂ ಮಧ್ಯೆ ಸಿಕ್ಕಿಬಿದ್ದ ನೀರಿಗೆ ಹೋಗಲು ದಾರಿಯಿರುವುದಿಲ್ಲ. ಅಲ್ಲಿ ಒತ್ತಡ ವಿಪರೀತ ಏರಿ, ಗಟ್ಟಿ ತಾಮ್ರದ ಪೈಪು ಕೂಡ ಮೀನಿನ ಬಾಯಿಯಂತೆ ಸೀಳಿಕೊಳ್ಳುತ್ತದೆ. ಎಷ್ಟೋ ಸಲ ಸೀಳುವ ಜಾಗದಲ್ಲಿ ಮಂಜುಗಡ್ಡೆಯೇ ಇರುವುದಿಲ್ಲ. ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಿ ಎಂಬ ಸಲಹೆಯ ಹಿಂದಿನ ತರ್ಕ ಇದೇ: ಹರಿಯುವ ನೀರು ಹೆಪ್ಪುಗಟ್ಟುವುದು ನಿಧಾನ ಎಂಬುದಕ್ಕಿಂತ, ತೆರೆದ ನಲ್ಲಿ ಒತ್ತಡವನ್ನು ಹೊರಬಿಡುತ್ತದೆ ಎಂಬುದು ಮುಖ್ಯ. ಬಿಸಿನೀರು, ತಣ್ಣೀರು ಎರಡೂ ಕೊಳವೆಗೆ ಇದು ಅನ್ವಯ. ಹೊರಗೋಡೆಗೆ ಅಂಟಿದ ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಟ್ಟರೆ ಕೋಣೆಯ ಬೆಚ್ಚನೆಯ ಗಾಳಿ ಪೈಪಿಗೂ ತಾಗುತ್ತದೆ. ಟೆಕ್ಸಸ್‌ನ ಅನೇಕ ಮನೆಗಳಲ್ಲಿ ಪೈಪುಗಳು ಓಡುವುದು ಸರಿಯಾದ ಹೊದಿಕೆಯಿಲ್ಲದ ಅಟ್ಟದಲ್ಲಿ. ಬಿಸಿಲಿಗೆಂದು ಕಟ್ಟಿದ ಮನೆ ಮೈನಸ್ 7 ಡಿಗ್ರಿಯ ಆಚೆಗೆ ತಡೆಯಲಾರದೆ ಹೋಯಿತು.

ಆದರೆ ಊರಿಗೆ ಊರೇ ನಲ್ಲಿ ತೊಟ್ಟಿಕ್ಕಿಸಿದರೆ ನಗರದ ನೀರಿನ ಒತ್ತಡವೇ ಕುಸಿಯುತ್ತದೆ. ಹೂಸ್ಟನ್‌ನಲ್ಲಿ ನಲ್ಲಿ ಬಿಡಬೇಡಿ ಎಂದು ಆಡಳಿತವೇ ಕೇಳಿಕೊಳ್ಳಬೇಕಾಯಿತು. ಕರೆಂಟು ಬಹಳ ಹೊತ್ತು ಬಾರದೆಂದು ತಿಳಿದಾಗ ಹೆಚ್ಚು ಭದ್ರವಾದ ದಾರಿಯೆಂದರೆ ಮೇನ್ ವಾಲ್ವ್ ಮುಚ್ಚಿ, ಎಲ್ಲ ನಲ್ಲಿಗಳನ್ನು ತೆರೆದು ಪೈಪು ಬರಿದು ಮಾಡುವುದು. ಆ ವಾಲ್ವ್ ಎಲ್ಲಿದೆ, ಅದನ್ನು ತಿರುಗಿಸಲು ಯಾವ ಕೀಲಿ ಬೇಕು ಎಂಬುದನ್ನು ಮನೆಯ ಎಲ್ಲರೂ ಮೊದಲೇ ಒಮ್ಮೆ ಕೈಯಾರೆ ತಿರುಗಿಸಿ ನೋಡಿರಬೇಕು. ಚಾವಣಿಯಿಂದ ನೀರು ಸುರಿಯುವಾಗ ಹುಡುಕಿದರೆ ಅದು ಸಿಗುವುದಿಲ್ಲ.

ಕುಡಿಯಲು ಮತ್ತು ಕನಿಷ್ಠ ಬಳಕೆಗೆ ತಲೆಗೆ ದಿನಕ್ಕೆ ಸುಮಾರು 4 ಲೀಟರ್‌ನಂತೆ ಕನಿಷ್ಠ ಮೂರು ದಿನದ ನೀರು ಶೇಖರಿಸಿಡಬೇಕು. ಕಕ್ಕಸಿಗೆ ಸ್ನಾನದ ತೊಟ್ಟಿ ತುಂಬಿಟ್ಟರಾಯಿತು. ನೀರು ಕಾಯಿಸುವ ಟ್ಯಾಂಕಿನಲ್ಲೇ 150 ಲೀಟರ್‌ಗೂ ಹೆಚ್ಚು ನೀರಿರುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಊಟದ ವಿಷಯದಲ್ಲಿ ಆಸ್ಟಿನ್, ಡಲ್ಲಾಸ್‌ಗಳಲ್ಲಿ ನೆಲೆಸಿರುವ ಕನ್ನಡಿಗರ ಅಡುಗೆಮನೆಗೆ ಒಂದು ವಿಚಿತ್ರ ಸಂಕಟವಿದೆ. ತಿಂಗಳಿಗಾಗುವಷ್ಟು ಅಕ್ಕಿ, ಬೇಳೆ ಇರುತ್ತದೆ, ಬೇಯಿಸಲು ಒಲೆಯಿರುವುದಿಲ್ಲ. ಅನೇಕ ಮನೆಗಳ ಒಲೆ ವಿದ್ಯುತ್ತಿನದು. ಅಲ್ಲಿ ನೆರವಿಗೆ ಬರುವುದು ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ. ತೆಳು ಅವಲಕ್ಕಿ ತಣ್ಣೀರಿನಲ್ಲೇ ನೆನೆಯುತ್ತದೆ. ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ಒಳಗಿನದು ಸುಮಾರು 4 ಗಂಟೆ, ತುಂಬಿದ ಫ್ರೀಜರ್‌ನದು 48 ಗಂಟೆ ಕೆಡದೆ ಉಳಿಯುತ್ತದೆ. ಮನೆ ಬಿಟ್ಟು ಹೋಗುವವರು ಒಂದು ಲೋಟ ನೀರನ್ನು ಫ್ರೀಜರ್‌ನಲ್ಲಿ ಗಟ್ಟಿಯಾಗಿಸಿ, ಮೇಲೆ ಒಂದು ನಾಣ್ಯ ಇಟ್ಟಿರುತ್ತಾರೆ. ಮರಳಿ ಬಂದಾಗ ನಾಣ್ಯ ತಳದಲ್ಲಿದ್ದರೆ ಎಲ್ಲವೂ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ, ತಿನ್ನಬಾರದು. ಇನ್ಸುಲಿನ್ ಇದಕ್ಕೆ ತದ್ವಿರುದ್ಧ: ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಅದು ಪ್ರಯೋಜನಕ್ಕಿಲ್ಲ. ಅದರ ಸೀಸೆ ಮೈಗೆ ಹತ್ತಿರ, ಒಳಜೇಬಿನಲ್ಲಿರಲಿ.

ಟಾರ್ಚು, ಪವರ್ ಬ್ಯಾಂಕ್, ಬ್ಯಾಟರಿ ರೇಡಿಯೊ, ಒಂದಿಷ್ಟು ನಗದು, ಹದಿನೈದು ದಿನದ ಔಷಧಿ ಇರುವ ಚೀಲ ಬೇರೆ ಆಪತ್ತುಗಳಿಗೂ ಒದಗುತ್ತದೆ. 2024ರ ಜುಲೈಯಲ್ಲಿ ಬೆರಿಲ್ ಚಂಡಮಾರುತ ಹೂಸ್ಟನ್ನಿನ 20 ಲಕ್ಷಕ್ಕೂ ಹೆಚ್ಚು ಗ್ರಾಹಕರ ಕರೆಂಟು ಕಿತ್ತುಕೊಂಡಾಗ ಬೇಕಾದದ್ದು ಹೆಚ್ಚುಕಡಿಮೆ ಇದೇ ಚೀಲ. ಬದಲಾದದ್ದು ಒಂದೇ, ಆಗ ಕೊಂದದ್ದು ಸೆಕೆ.

ಕರೆಂಟು ಮರಳಿದ ಮೇಲಿನ ಮೊದಲ ದಿನ ಪೈಪಿನ ದಿನ. ಸೀಳಿದ ಪೈಪು ಮಂಜುಗಡ್ಡೆ ಕರಗುವವರೆಗೆ ಸೋರುವುದಿಲ್ಲ. ಹೆಪ್ಪುಗಟ್ಟಿದ ಭಾಗವನ್ನು ಕೂದಲು ಒಣಗಿಸುವ ಯಂತ್ರದಿಂದ ನಲ್ಲಿಯ ಕಡೆಯಿಂದ ಹಿಂದಕ್ಕೆ ಕಾಯಿಸುತ್ತಾ ಬರಬೇಕು, ಬೆಂಕಿ ಹಿಡಿಯಬಾರದು. ಆಮೇಲೆ ಎಲ್ಲ ನಲ್ಲಿ ಮುಚ್ಚಿ, ಮೇನ್ ವಾಲ್ವನ್ನು ನಿಧಾನವಾಗಿ ತೆರೆದು, ನೀರಿನ ಮೀಟರಿನ ಮುಖದ ಮೇಲಿನ ಪುಟ್ಟ ತ್ರಿಕೋನವನ್ನು ನೋಡಬೇಕು. ಯಾವ ನಲ್ಲಿಯೂ ತೆರೆದಿಲ್ಲದಿದ್ದರೂ ಅದು ಮೆಲ್ಲಗೆ ತಿರುಗುತ್ತಿದ್ದರೆ, ಎಲ್ಲೋ ಗೋಡೆಯೊಳಗೆ ನೀರು ಸೋರುತ್ತಿದೆ.