ಕಾರಿನ ಸ್ಪ್ರಿಂಗ್ ಗಟ್ಟಿಯಾದರೆ ಏನಾಗುತ್ತದೆ?

ಮಕ್ಕಳೇ, ಅಂತರಘಟ್ಟೆಯ ದುರ್ಗಾಂಬಾ ಜಾತ್ರೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಹೋಗುವುದು ನಮ್ಮ ಅಜ್ಜಂಪುರ, ಕಡೂರು, ತರೀಕೆರೆ ಕಡೆಯ ರೂಢಿ. ನಿಮ್ಮಲ್ಲಿ ಯಾರಾದರೂ ಗಾಡಿಯಲ್ಲಿ ಹೋಗಿದ್ದರೆ ಬೆನ್ನಿಗೆ ಅದರ ನೆನಪು ಇದ್ದೇ ಇರುತ್ತದೆ! ಗಾಡಿಯ ಅಡಿಗೆ ಅಚ್ಚು, ಅಚ್ಚಿಗೆ ಚಕ್ರ. ನಡುವೆ ಬೇರೇನೂ ಇಲ್ಲ. ಚಕ್ರ ಕಲ್ಲು ಹತ್ತಿದರೆ ಗಾಡಿಯೂ ಹತ್ತುತ್ತದೆ, ಕುಳಿತವರೂ ಎಗರುತ್ತಾರೆ. ಗಾಡಿಗೆ ದಪ್ಪಗೆ ಹುಲ್ಲು ಹಾಸುವುದು ಇದಕ್ಕೇ. ಹುಲ್ಲು ತಾನು ಅದುಮಿಕೊಂಡು ಏಟನ್ನು ನುಂಗುತ್ತದೆ.

ಕಾರಿನಲ್ಲಿ ಈ ಹುಲ್ಲಿನ ಕೆಲಸ ಮಾಡುವ ಏರ್ಪಾಡಿಗೆ ಸಸ್ಪೆನ್ಷನ್ ಎಂದು ಹೆಸರು. ಅದರಲ್ಲಿ ಮುಖ್ಯವಾದವು ಎರಡು: ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್. ಎರಡೂ ಒಂದೇ ಕೆಲಸ ಮಾಡುತ್ತವೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಒಂದು ಪ್ರಯೋಗ ಮಾಡಿ ನೋಡೋಣ.

ಒಂದು ರಬ್ಬರ್ ಬ್ಯಾಂಡಿಗೆ ಸಣ್ಣ ಕಲ್ಲು ಕಟ್ಟಿ ತೂಗಬಿಡಿ. ಕಲ್ಲನ್ನು ಸ್ವಲ್ಪ ಕೆಳಕ್ಕೆಳೆದು ಬಿಡಿ. ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಎಣಿಸಿ. ಈಗ ಅದೇ ಕಲ್ಲನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಹಾಗೆಯೇ ಮಾಡಿ. ಆಟ ಬೇಗ ನಿಂತಿತಲ್ಲವೇ? ರಬ್ಬರ್ ಬ್ಯಾಂಡ್ ಶಕ್ತಿಯನ್ನು ಪಡೆದು ಹಿಂದಕ್ಕೆ ಕೊಡುತ್ತಲೇ ಇರುತ್ತದೆ. ನೀರು ಅದನ್ನು ಕಸಿದುಕೊಳ್ಳುತ್ತದೆ. ಕಾರಿನಲ್ಲಿ ಸ್ಪ್ರಿಂಗ್ ಎಂದರೆ ಆ ರಬ್ಬರ್, ಶಾಕ್ ಅಬ್ಸಾರ್ಬರ್ ಎಂದರೆ ಆ ನೀರು. ಕೊಳವೆಯೊಳಗೆ ಎಣ್ಣೆ ತುಂಬಿರುತ್ತದೆ. ಅದರಲ್ಲಿ ಪಿಸ್ಟನ್ ಓಡಾಡುವಾಗ ಸಣ್ಣ ಸಣ್ಣ ರಂಧ್ರಗಳ ಮೂಲಕ ಎಣ್ಣೆ ನುಗ್ಗಬೇಕಾಗುತ್ತದೆ. ಹಾರಾಟದ ಶಕ್ತಿ ಉಷ್ಣವಾಗಿ ಹೋಗುತ್ತದೆ.

ಈಗ ನಮ್ಮ ಮನೆಯದೇ ಒಂದು ಸಂಗತಿ. ನನ್ನ ಅಕ್ಕನ ಮಗ ಹಳೆಯ ಸೆಡಾನ್ ಕಾರೊಂದನ್ನು ಕೊಂಡ. ಸೆಡಾನ್ ಎಂದರೆ ಹಿಂದೆ ಬೇರೆಯಾಗಿ ಡಿಕ್ಕಿ ಇರುವ, ಮನೆಮಂದಿ ಓಡಾಡುವ ಕಾರು. ಅದು ರೇಸಿನ ಕಾರಿನಂತೆ ಓಡಬೇಕೆಂದು ಅವನಿಗೆ ಆಸೆ. ಗಿಡ್ಡನೆಯ, ಗಟ್ಟಿ ಸ್ಪ್ರಿಂಗ್ ಹಾಕಿಸಿದ. ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯದೇ. ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿಗೆ ಹತ್ತುವ ತಿರುವುಗಳಲ್ಲಿ ಕಾರು ಮೊದಲಿನಷ್ಟು ವಾಲಲಿಲ್ಲ. ಹುಡುಗನಿಗೆ ಖುಷಿಯೋ ಖುಷಿ.

ಖುಷಿಗೆ ಕಾರಣ ನಿಜವಾದದ್ದೇ. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಆ ವೇಗದಲ್ಲಿ 30 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಳ್ಳಲು ಕಾರಿನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ಬಲ ಬೇಕು. ಅದನ್ನು ಟೈರಿನ ಘರ್ಷಣೆ ಒದಗಿಸುತ್ತದೆ. ಟೈರು ಕೆಳಗಡೆ ಎಳೆದರೂ ಮೇಲಿನ ಕಾರು ಜಡತ್ವದಿಂದ ನೇರ ಹೋಗಲು ನೋಡುತ್ತದೆ. ಹಾಗಾಗಿ ಅದು ತಿರುವಿನ ಹೊರಗಡೆಗೆ ವಾಲುತ್ತದೆ, ಹೊರಗಡೆಯ ಸ್ಪ್ರಿಂಗ್ ಕುಗ್ಗುತ್ತದೆ. ಗಟ್ಟಿ ಸ್ಪ್ರಿಂಗ್ ಕಡಿಮೆ ಕುಗ್ಗುವುದರಿಂದ ವಾಲುವುದೂ ಕಡಿಮೆ. ಸ್ಟಿಯರಿಂಗ್ ತಿರುಗಿಸಿದ ತಕ್ಷಣ ಕಾರು ಮಾತು ಕೇಳಿದಂತೆ ಅನ್ನಿಸುತ್ತದೆ.

ಆದರೆ ಗಮನಿಸಿ. ವಾಲುವುದು ಕಡಿಮೆಯಾಯಿತೆಂದು ಬೇಕಾದ ಬಲವೇನೂ ಕಡಿಮೆಯಾಗಲಿಲ್ಲ. ಅದೇ ತಿರುವಿನಲ್ಲಿ ವೇಗ 72 ಕಿ.ಮೀ. ಆದರೆ ಬೇಕಾಗುವ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಎಂದರೆ ಕಾರಿನ ಇಡೀ ತೂಕಕ್ಕಿಂತ ಹೆಚ್ಚು! ಸಾಮಾನ್ಯ ಟೈರು ಅಷ್ಟನ್ನು ಕೊಡಲಾರದು, ಕಾರು ಜಾರುತ್ತದೆ. ವಾಲದ ಕಾರಿನಲ್ಲಿ ಕುಳಿತವನಿಗೆ ಇದು ಮೊದಲೇ ಗೊತ್ತಾಗುವುದಿಲ್ಲ. ಗಟ್ಟಿ ಸ್ಪ್ರಿಂಗಿನ ದೊಡ್ಡ ಅಪಾಯ ಇದೇ ಎಂದು ನನಗನ್ನಿಸುತ್ತದೆ.

ಆ ವರ್ಷ ಜಾತ್ರೆಗೆ ಅದೇ ಕಾರಿನಲ್ಲಿ ಹೋದೆವು. ಗುಂಡಿ ಬಿದ್ದ ರಸ್ತೆ. ಕಾರು ಕಪ್ಪೆಯಂತೆ ಕುಪ್ಪಳಿಸಿತು. ಹಿಂದೆ ಕುಳಿತಿದ್ದ ನಮ್ಮ ತಾಯಿ, “ಇದಕ್ಕಿಂತ ಎತ್ತಿನ ಗಾಡೀನೇ ವಾಸಿ ಕಣೋ” ಎಂದರು. ಎದುರಿಗೆ ಗಾಡಿಯೊಂದು ಬಂದು ಬ್ರೇಕ್ ಒತ್ತಿದಾಗ ಮಾತ್ರ ಎಲ್ಲರೂ ಸುಮ್ಮನಾದೆವು. ಕಾರು ದಡದಡ ಎಂದು ಹಾರುತ್ತಾ, ಎಣಿಸಿದ್ದಕ್ಕಿಂತ ಎಷ್ಟೋ ಮುಂದೆ ಹೋಗಿ ನಿಂತಿತು.

ಏಕೆ ಹೀಗಾಯಿತು? ಕಾರಿನ ಪ್ರತಿಯೊಂದು ಟೈರು ರಸ್ತೆಯನ್ನು ಮುಟ್ಟುವ ಜಾಗ ಸುಮಾರು ನಿಮ್ಮ ಅಂಗೈಯಷ್ಟು. ತಿರುಗುವುದು, ನಿಲ್ಲುವುದು ಎಲ್ಲವೂ ಆ ನಾಲ್ಕು ಅಂಗೈಗಳಿಂದಲೇ. ಚಕ್ರ ಉಬ್ಬು ಹತ್ತಿದಾಗ ಸ್ಪ್ರಿಂಗ್ ಕುಗ್ಗಿ ಜಾಗ ಕೊಡಬೇಕು. ಗುಂಡಿ ಬಂದಾಗ ಹಿಗ್ಗಿ ಚಕ್ರವನ್ನು ಕೆಳಕ್ಕೆ ಒತ್ತಬೇಕು. ತೀರ ಗಟ್ಟಿ ಸ್ಪ್ರಿಂಗ್ ಎರಡನ್ನೂ ಸರಿಯಾಗಿ ಮಾಡುವುದಿಲ್ಲ. ಹಳೆಯ ಶಾಕ್ ಅಬ್ಸಾರ್ಬರಿಗೆ ಅದರ ಹಾರಾಟವನ್ನು ತಡೆಯುವ ತ್ರಾಣವೂ ಇರುವುದಿಲ್ಲ. ಚಕ್ರ ನೆಲ ಬಿಟ್ಟ ಕ್ಷಣದಲ್ಲಿ ಘರ್ಷಣೆ ಸೊನ್ನೆ. ಗಾಳಿಯಲ್ಲಿರುವ ಚಕ್ರಕ್ಕೆ ಬ್ರೇಕ್ ಹಾಕಿ ಏನು ಫಲ?

ಕೆಲವರು ಹೊಸ ಸ್ಪ್ರಿಂಗ್ ಕೊಳ್ಳದೆ ಇದ್ದದ್ದನ್ನೇ ಒಂದು ಸುತ್ತು ಕತ್ತರಿಸುತ್ತಾರೆ. ನಿಮ್ಮ ಸ್ಟೀಲ್ ಸ್ಕೇಲನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು ಮೀಟಿ. ಹೊರಗೆ ಚಾಚಿದ ಭಾಗ ಗಿಡ್ಡವಾದಷ್ಟೂ ಬಾಗುವುದು ಕಷ್ಟ, ಕಂಪನ ಚುರುಕು. ಸ್ಪ್ರಿಂಗೂ ಹಾಗೆಯೇ. ಆರು ಸುತ್ತಿನಲ್ಲಿ ಒಂದನ್ನು ಕತ್ತರಿಸಿದರೆ ಗಟ್ಟಿತನ ಐದನೇ ಒಂದು ಭಾಗ ಹೆಚ್ಚುತ್ತದೆ. ಆದರೆ ಕತ್ತರಿಸಿದ ತುದಿ ತನ್ನ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ, ಚಕ್ರ ಇಳಿಬಿದ್ದಾಗ ಕಳಚಿಕೊಳ್ಳಬಹುದು. ಇದನ್ನು ಯಾರೂ ಮಾಡಬಾರದು.

ತಿಳಿದವರು ಬೇರೆ ರೀತಿ ಮಾಡುತ್ತಾರೆ. ಸ್ಪ್ರಿಂಗನ್ನು ಸ್ವಲ್ಪ ಮಾತ್ರ ಗಟ್ಟಿ ಮಾಡಿ, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರನ್ನೇ ಹಾಕುತ್ತಾರೆ. ಆಂಟಿ ರೋಲ್ ಬಾರ್ ಎಂಬ ಉಕ್ಕಿನ ಸರಳೂ ಇದೆ. ಅದು ಎಡ ಬಲ ಚಕ್ರಗಳನ್ನು ಜೋಡಿಸುತ್ತದೆ. ಎರಡೂ ಚಕ್ರ ಒಟ್ಟಿಗೆ ಏರಿದರೆ ಸುಮ್ಮನಿರುತ್ತದೆ, ಕಾರು ಒಂದು ಕಡೆ ವಾಲಿದಾಗ ಮಾತ್ರ ತಿರುಚಿಕೊಂಡು ತಡೆಯುತ್ತದೆ. 20 ಮಿ.ಮೀ. ದಪ್ಪದ ಸರಳನ್ನು 22 ಮಿ.ಮೀ. ಮಾಡಿದರೆ ಗಟ್ಟಿತನ ಹೆಚ್ಚುಕಡಿಮೆ ಒಂದೂವರೆ ಪಟ್ಟು! ಬರೀ ಎರಡು ಮಿಲಿಮೀಟರಿಗೆ ಇಷ್ಟೇ ಎಂದು ಆಶ್ಚರ್ಯವಾಗಬಹುದು. ಗಟ್ಟಿತನ ದಪ್ಪದ ನಾಲ್ಕನೇ ಘಾತದಂತೆ ಏರುತ್ತದೆ, ಗುಣಿಸಿ ನೋಡಿ.

ರೇಸಿನ ಕಾರುಗಳೆಲ್ಲ ಕಲ್ಲಿನಂತೆ ಗಟ್ಟಿ ಎಂದೂ ತಿಳಿಯಬೇಡಿ. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಸರಣಿಯ ಒಂದು ಸುತ್ತು ನಮ್ಮ ಚಿಕ್ಕಮಗಳೂರಿನಲ್ಲೇ ನಡೆಯಿತು. ಆ ವರ್ಷದ ಚಾಂಪಿಯನ್ ಭಾರತದ ಗೌರವ್ ಗಿಲ್. ಮಣ್ಣಿನ ದಾರಿಯಲ್ಲಿ ಓಡುವ ರ‍್ಯಾಲಿ ಕಾರಿನ ಚಕ್ರಗಳು ಮೇಲೆ ಕೆಳಗೆ ಬಹಳ ದೂರ ಆಡುವಂತಿರುತ್ತವೆ. ಡಾಂಬರು ರಸ್ತೆಯ ರ‍್ಯಾಲಿಗೆ ಕಾರನ್ನು ತಗ್ಗಿಸಿ ಗಟ್ಟಿ ಮಾಡುತ್ತಾರೆ. ರಸ್ತೆ ನೋಡಿ ಸ್ಪ್ರಿಂಗ್!

ಜಾತ್ರೆಯಿಂದ ಮನೆಗೆ ಬಂದ ಮೇಲೆ ಅಕ್ಕನ ಮಗನಿಗೆ ಒಂದು ಸುಲಭ ಪರೀಕ್ಷೆ ಹೇಳಿಕೊಟ್ಟೆ. ನೀವೂ ನಿಂತಿರುವ ಕಾರಿನ ಮೇಲೆ, ಯಜಮಾನರನ್ನು ಕೇಳಿ, ಮಾಡಬಹುದು. ಕಾರಿನ ಒಂದು ಮೂಲೆಯನ್ನು ಜೋರಾಗಿ ಕೆಳಕ್ಕೆ ಒತ್ತಿ ಕೈ ಬಿಡಿ. ಮೇಲೆದ್ದು ಬೇಗ ನಿಂತರೆ ಶಾಕ್ ಅಬ್ಸಾರ್ಬರ್ ಚೆನ್ನಾಗಿದೆ. ತೊಟ್ಟಿಲಿನಂತೆ ಆಡುತ್ತಲೇ ಇದ್ದರೆ ಅದರ ಕೆಲಸ ಮುಗಿದಿದೆ. ಅವನ ಕಾರು ನಾಲ್ಕು ಸಲ ಆಡಿತು. ಮರುವಾರವೇ ಹಳೆಯ ಸ್ಪ್ರಿಂಗ್ ಮತ್ತೆ ಹಾಕಿಸಿ, ಹೊಸ ಶಾಕ್ ಅಬ್ಸಾರ್ಬರ್ ಕೂರಿಸಿದ. ತಿರುವಿನಲ್ಲಿ ಕಾರು ಈಗಲೂ ತುಸು ವಾಲುತ್ತದೆ. ಮುಂದಿನ ಜಾತ್ರೆಗೆ ನಮ್ಮ ತಾಯಿ ಅದೇ ಕಾರಿನಲ್ಲಿ ದಾರಿಯುದ್ದಕ್ಕೂ ನಿದ್ದೆ ಮಾಡಿದರು.