ಎಂಜಿನ್ನಿಗೂ ಬೇಕು ಉಸಿರು

ಕೆ.ಜಿ.ಎಫ್.ನವರಿಗೆ ಗಾಳಿಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಅಷ್ಟು ಕೆಳಗೆ ಬಂಡೆಯೇ ಬಿಸಿ. ಒಂದು ಕಡೆಯಿಂದ ಹೊಸ ಗಾಳಿ ಇಳಿಯಬೇಕು, ಇನ್ನೊಂದು ಕಡೆಯಿಂದ ಕೆಟ್ಟ ಗಾಳಿ ಹೊರಬೀಳಬೇಕು. ಆಗಲೇ ಕೆಳಗಿನವರು ಕೆಲಸ ಮಾಡಬಲ್ಲರು. 2001ರಲ್ಲಿ ಗಣಿ ಮುಚ್ಚಿತು. ಆದರೆ ಇದೇ ಏರ್ಪಾಡಿನ ಪುಟ್ಟ ರೂಪವೊಂದು ಬಂಗಾರಪೇಟೆ ರಸ್ತೆಯಲ್ಲಿ ಓಡುವ ಪೆಟ್ರೋಲ್ ಕಾರುಗಳ ಬಾನೆಟ್ಟಿನ ಕೆಳಗೆ ಇಂದಿಗೂ ಇದೆ.

ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದಾಗ ಹುಟ್ಟುವ ಅನಿಲ ಪಿಸ್ಟನ್ನನ್ನು ಕೆಳಗೆ ನೂಕುತ್ತದೆ. ಪಿಸ್ಟನ್ ರಿಂಗುಗಳು ಎಷ್ಟೇ ಬಿಗಿಯಾಗಿದ್ದರೂ ಅದರಲ್ಲಿ ಸ್ವಲ್ಪ ಭಾಗ ಪಕ್ಕದಿಂದ ನುಸುಳಿ, ಕೆಳಗಿನ ಕ್ರ್ಯಾಂಕ್‌ಕೇಸ್ ಸೇರುತ್ತದೆ. ಅದರಲ್ಲಿ ಉರಿಯದ ಪೆಟ್ರೋಲಿನ ಆವಿ, ನೀರಾವಿ, ಆಮ್ಲದ ಅಂಶ ಎಲ್ಲವೂ ಇರುತ್ತವೆ. ಹೊರಹೋಗಲು ದಾರಿಯಿಲ್ಲದಿದ್ದರೆ ಒಳಗೆ ಒತ್ತಡ ಏರುತ್ತದೆ. ಎಂಜಿನ್ ಆಯಿಲ್ ಕೆಟ್ಟು ಕೆಸರಾಗುತ್ತದೆ.

ಹಿಂದಿನ ಕಾರುಗಳಲ್ಲಿ ಈ ಹೊಗೆಯನ್ನು ಒಂದು ಕೊಳವೆಯ ಮೂಲಕ ನೇರವಾಗಿ ರಸ್ತೆಗೆ ಬಿಡುತ್ತಿದ್ದರು. ಊರಿನ ಗಾಳಿ ಕೆಡುತ್ತಿತ್ತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಆ ಹೊಗೆಯನ್ನು ಎಂಜಿನ್ನಿಗೇ ಮರಳಿ ಕುಡಿಸುವ ವ್ಯವಸ್ಥೆ ಹೊಸ ಕಾರುಗಳಿಗೆ ಬಂತು.

ಇದರಲ್ಲಿ ಸಾಮಾನ್ಯವಾಗಿ ಎರಡು ಹೋಸ್‌ಗಳಿರುತ್ತವೆ. ಒಂದು ಏರ್ ಕ್ಲೀನರ್ ಕಡೆಯಿಂದ ಎಂಜಿನ್ನಿನ ಮೇಲ್ಮುಚ್ಚಳಕ್ಕೆ ಬರುತ್ತದೆ. ಶುದ್ಧ ಗಾಳಿ ತರುವುದು ಅದರ ಕೆಲಸ. ಇನ್ನೊಂದು ಕ್ರ್ಯಾಂಕ್‌ಕೇಸಿನ ಹೊಗೆಯನ್ನು ಇನ್‌ಟೇಕ್ ಮ್ಯಾನಿಫೋಲ್ಡಿಗೆ ಒಯ್ಯುತ್ತದೆ. ಅದು ಮ್ಯಾನಿಫೋಲ್ಡಿಗೆ ಕೂಡುವ ಜಾಗ ಥ್ರಾಟಲಿನ ಆಚೆಗೆ, ಎಂಜಿನ್ ಕಡೆಗಿರುತ್ತದೆ. ಥ್ರಾಟಲ್ ಮುಚ್ಚಿರುವಾಗ ಎಂಜಿನ್ನಿನ ಎಳೆತ ಜೋರಾಗಿರುವುದು ಅಲ್ಲಿಯೇ.

ಆ ಎಳೆತಕ್ಕೆ ಕಡಿವಾಣ ಹಾಕುವುದು ಪಿ.ಸಿ.ವಿ. ವಾಲ್ವ್. ಕಾರು ನಿಂತು ಎಂಜಿನ್ ಮೆಲ್ಲಗೆ ತಿರುಗುವಾಗ ಎಳೆತ ಹೆಚ್ಚು, ಹೊಗೆ ಕಡಿಮೆ. ಆಗ ವಾಲ್ವ್ ಕಿರಿದಾಗುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಎಳೆತ ಕಡಿಮೆ, ಹೊಗೆ ಹೆಚ್ಚು. ಆಗ ಸ್ಪ್ರಿಂಗ್ ಅದನ್ನು ಅಗಲವಾಗಿ ತೆರೆಯುತ್ತದೆ. ಬೆಂಕಿ ಹಿಮ್ಮುಖವಾಗಿ ಸಿಡಿದರೆ ಪೂರ್ತಿ ಮುಚ್ಚಿಕೊಂಡು ಕ್ರ್ಯಾಂಕ್‌ಕೇಸನ್ನು ಕಾಯುತ್ತದೆ. ಸಾಮಾನ್ಯ ಡೀಸೆಲ್ ಎಂಜಿನ್ನಿನಲ್ಲಿ ಇಂಥ ಎಳೆತ ಇರುವುದಿಲ್ಲ. ಅದರ ಏರ್ಪಾಡೇ ಬೇರೆ.

ಇಷ್ಟು ತಿಳಿದರೆ ಮನೆಯ ದುಡ್ಡೂ ಉಳಿಯುತ್ತದೆ. ಹೊಗೆಯ ಹೋಸ್ ಅಥವಾ ವಾಲ್ವ್ ಕಟ್ಟಿಕೊಂಡರೆ ಒತ್ತಡ ಏರಿ ಆಯಿಲ್ ಸೀಲಿನಿಂದ ಎಣ್ಣೆ ಜಿನುಗುತ್ತದೆ. ಎಣ್ಣೆ ಕಂಡ ಕೂಡಲೇ ಎಂಜಿನ್ ಬಿಚ್ಚಿಸಲು ಹೊರಟರೆ ಸಾವಿರಾರು ರೂಪಾಯಿ ಖರ್ಚು. ಹೊಸ ಸೀಲ್ ಹಾಕಿಸಿದರೂ, ಕಟ್ಟಿದ ದಾರಿ ಹಾಗೆಯೇ ಉಳಿದಿದ್ದರೆ ಎಣ್ಣೆ ಮತ್ತೆ ಸೋರುತ್ತದೆ. ಹೋಸ್ ಬಿರುಕು ಬಿಟ್ಟರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗಿ, ನಿಂತ ಕಾರಿನ ಎಂಜಿನ್ ಅದುರುತ್ತದೆ. ನೀರಿನ ಪೈಪಿನ ತುಂಡು ತಂದು ಸಿಕ್ಕಿಸುವುದೂ ತಪ್ಪು. ಎಣ್ಣೆ ತಾಗಿ ಅದು ಮೆತ್ತಗಾಗುತ್ತದೆ, ಎಳೆತಕ್ಕೆ ಚಪ್ಪಟೆಯಾಗುತ್ತದೆ. ಎಣ್ಣೆ ತಡೆಯುವ ಹೋಸೇ ಬೇಕು.

1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್.ನಿಂದಾಗಿ ಚಿನ್ನದ ಊರಿನಲ್ಲಿ ಬುಲ್‌ಡೋಜರುಗಳೂ ತಯಾರಾದವು. ಅಂಥ ಊರಿನಲ್ಲಿ ಮಗ ಅಥವಾ ಮಗಳು ಮೆಕ್ಯಾನಿಕ್ ಕೆಲಸ ಕಲಿಯುತ್ತೇನೆ ಎಂದರೆ ತಂದೆ ತಾಯಿ ಮುಖ ಸಿಂಡರಿಸಬೇಕಾಗಿಲ್ಲ. ಪಠ್ಯದಲ್ಲಿ ಓದುವ ಒತ್ತಡ, ನಿರ್ವಾತ, ದಹನದ ಪಾಠಗಳೆಲ್ಲ ಆ ಎರಡು ಹೋಸ್‌ಗಳಲ್ಲಿವೆ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ, ಬಲ್ಲವರನ್ನು ಪಕ್ಕದಲ್ಲಿಟ್ಟುಕೊಂಡು ಒಮ್ಮೆ ಬಾನೆಟ್ ಎತ್ತಿ ನೋಡಿ. ಯಾವ ಹೋಸ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಮಕ್ಕಳೇ ಹೇಳಲಿ.