ಶಿಲೆಗಳ ಕಾಂತಸಾಕ್ಷ್ಯವೂ ಖಂಡಗಳ ಸಂಘಟ್ಟನವೂ

ಅಮರಕೋಶವು ಭೂಮಿಗೆ ಅಚಲಾ, ಸ್ಥಿರಾ ಎಂಬ ಪರ್ಯಾಯಪದಗಳನ್ನು ಹೇಳುತ್ತದೆ. ಭರತಖಂಡವೇ ಸಾವಿರಾರು ಮೈಲಿ ಚಲಿಸಿ ಏಷ್ಯಾಖಂಡಕ್ಕೆ ತಾಗಿ ಹಿಮಾಲಯವನ್ನು ಎಬ್ಬಿಸಿತೆಂಬುದು ಭೂವಿಜ್ಞಾನಿಗಳ ಸಿದ್ಧಾಂತ. ಇದಕ್ಕೆ ಶಿಲೆಗಳಿಂದ ದೊರೆಯುವ ಪ್ರಮಾಣವೊಂದರ ಬಲಾಬಲಗಳನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಜ್ವಾಲಾಮುಖಿಯ ದ್ರವಶಿಲೆಯಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜದ ಕಣಗಳುಂಟು. ಶಿಲೆಯು ಆರುತ್ತ ಸುಮಾರು 580 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದಾಗ ಅವು ಅಂದಿನ ಭೂಕಾಂತದ ದಿಕ್ಕನ್ನು ತಾಳಿ ನಿಲ್ಲುತ್ತವೆ. ಆ ಕಾಂತರೇಖೆಯು ಭೂಮಧ್ಯರೇಖೆಯಲ್ಲಿ ಸಮತಲವಾಗಿಯೂ ಧ್ರುವದಲ್ಲಿ ಲಂಬವಾಗಿಯೂ ಇರುವುದಷ್ಟೆ. ಆದುದರಿಂದ ಒಲವಿನ ಕೋನವೇ ಅಕ್ಷಾಂಶಕ್ಕೆ ಲಿಂಗ. ಸಹಸ್ರಾರು ವರ್ಷಗಳ ಸರಾಸರಿಯಲ್ಲಿ ಕಾಂತಧ್ರುವವು ಭ್ರಮಣಧ್ರುವದೊಡನೆ ಒಂದಾಗುತ್ತದೆಂಬುದು ಇಲ್ಲಿಯ ವ್ಯಾಪ್ತಿ. ಒಂದು ಕಲ್ಲು ಸಾಲದು, ಅನೇಕ ಪದರಗಳನ್ನು ಅಳೆಯಬೇಕೆಂಬುದಕ್ಕೆ ಇದೇ ಕಾರಣ.

ಮಹಾರಾಷ್ಟ್ರದಿಂದ ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಸೀಮೆಗಳವರೆಗೆ ಹರಡಿರುವ ದಖ್ಖನಿನ ಕರಿಗಲ್ಲು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹರಿದು ಗಟ್ಟಿಯಾದುದು. ಇದರ ಕಾಂತತ್ವವನ್ನು ಅಳೆದು ಕ್ಲೆಗ್, ಡಾಯ್ಚ್, ಗ್ರಿಫಿತ್ಸ್ ಎಂಬವರು 1956ರಲ್ಲಿ ಪ್ರಕಟಿಸಿದರು. ಒಲವು 45 ಡಿಗ್ರಿಯ ಆಚೀಚೆ ಇರುವುದರಿಂದ ಅಕ್ಷಾಂಶವು 27ರಿಂದ 30 ಡಿಗ್ರಿಯೆಂದು ಗಣಿತದಿಂದ ಸಿದ್ಧಿಸುತ್ತದೆ. ಭೂಕಾಂತವು ಆಗಾಗ ತಿರುಗುಮುರುಗಾಗುವುದಾದರೆ ಈ ಅಕ್ಷಾಂಶವು ಉತ್ತರವೋ ದಕ್ಷಿಣವೋ ಎಂದು ಶಂಕಿಸಬಹುದು. ಸಮಾಧಾನವೇನೆಂದರೆ, ಇಲ್ಲಿಯ ಕಾಂತದಿಕ್ಕು ಉತ್ತರಮುಖವಾದಲ್ಲಿ ಮೇಲಕ್ಕೂ ದಕ್ಷಿಣಮುಖವಾದಲ್ಲಿ ಕೆಳಕ್ಕೂ ಬಾಗಿದೆ. ಎರಡೂ ದಕ್ಷಿಣಗೋಲಾರ್ಧದ ಲಕ್ಷಣಗಳೇ. ಇಂದು 18 ಡಿಗ್ರಿ ಉತ್ತರದಲ್ಲಿರುವ ಮಹಾಬಲೇಶ್ವರದ ಶಿಲೆಗಳು ಹೀಗೆ ಸುಮಾರು 5000 ಕಿಲೋಮೀಟರು ಉತ್ತರಕ್ಕೆ ಬಂದಿವೆ.

ದಕ್ಷಿಣ ಟಿಬೆಟ್ಟಿನ ಲ್ಹಾಸಾ ಪ್ರಾಂತದ ಶಿಲೆಗಳನ್ನೂ ಇದೇ ಕ್ರಮದಿಂದ ಪರೀಕ್ಷಿಸಿ, ಭರತಖಂಡದ ಉತ್ತರದ ಅಂಚೂ ಆ ಪ್ರಾಂತವೂ ಒಂದೇ ಅಕ್ಷಾಂಶಕ್ಕೆ ಬಂದ ಕಾಲವನ್ನು ಸಂಘಟ್ಟನಕಾಲವೆಂದು ಊಹಿಸುತ್ತಾರೆ. ಅದು 5ರಿಂದ 6 ಕೋಟಿ ವರ್ಷಗಳ ಹಿಂದೆಂದು ಬಹುಮಂದಿಯ ಮತ, ನಿಷ್ಕೃಷ್ಟಕಾಲದಲ್ಲಿ ವಿವಾದವುಂಟು.

ವಿವಾದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಕೆಸರು ಒತ್ತಿ ಕಲ್ಲಾದಲ್ಲಿ ಒಲವು ತಗ್ಗಿ, ಅಕ್ಷಾಂಶವು ನಿಜಕ್ಕಿಂತ ಕಡಿಮೆಯಾಗಿ ತೋರುತ್ತದೆ. ಬಳಿಕ ಬಂದ ಕಾವು ಮೊದಲಿನ ದಿಕ್ಕನ್ನು ಅಳಿಸಿ ಹೊಸದನ್ನು ಬರೆಯಬಹುದು. ಓಲೆಗರಿಯ ಮೂಲಪಾಠವನ್ನು ಹೆರೆದು ಬೇರೆ ಬರೆದಂತೆ. ಇದರ ಶೋಧನೆಗೆ ಮಡಿಕೆಬಿದ್ದ ಪದರಗಳನ್ನು ಗಣಿತದಿಂದ ಮಟ್ಟಮಾಡಿ ನೋಡುತ್ತಾರೆ: ಆಗ ಮಾತ್ರ ದಿಕ್ಕುಗಳು ಏಕೀಭವಿಸಿದರೆ ಪಾಠವು ಮಡಿಕೆಗಿಂತ ಪ್ರಾಚೀನ. ರೇಖಾಂಶವನ್ನಂತೂ ಈ ಸಾಕ್ಷಿಯೊಂದೇ ಹೇಳಲಾರದು.

ಇದೆಲ್ಲವೂ ಪುರಾಣಗಳ ಸಪ್ತದ್ವೀಪವರ್ಣನೆಯಲ್ಲಿ ಅಡಗಿದೆಯೆಂದು ಸಾಧಿಸಹೊರಡುವುದು ಯುಕ್ತವಲ್ಲ. ಅದರಿಂದ ಪುರಾಣಕ್ಕೂ ಗೌರವವಿಲ್ಲ, ವಿಜ್ಞಾನಕ್ಕೂ ಉಪಕಾರವಿಲ್ಲ. ಭರತಖಂಡವು ದಕ್ಷಿಣದಿಂದ ಬಂದಿತೆಂಬುದು ಸಿದ್ಧ. ಎಂದು ತಾಗಿತೆಂಬುದು ಸಾಧ್ಯ. ಈ ಎರಡನ್ನೂ ಬೇರ್ಪಡಿಸಿ ಬೋಧಿಸುವುದೇ ಅಧ್ಯಾಪಕರಿಗೆ ಉಚಿತವಾದ ಮಾರ್ಗ.